ಸಹಾಯ ಬೇಕು: ಹುಟ್ಟಿನಿಂದ ಹಾರ್ಟ್ ಪ್ರಾಬ್ಲಮ್ ಇರೋರು, ಅವರ ಅಪ್ಪ ಅಮ್ಮಂದಿರು ದಯವಿಟ್ಟು ಓದಿ

ಎಲ್ರಿಗೂ ನಮಸ್ಕಾರ. ನನ್ ಮಗಳಿಗೀಗ 13, ಟೆಟ್ರಾಲಜಿ ಆಫ್ ಫ್ಯಾಲೋ (ಹುಟ್ಟಿನಿಂದ್ಲೇ ಹಾರ್ಟಲ್ಲಿ ನಾಲ್ಕು ತೊಂದರೆ ಒಟ್ಟಿಗೆ ಇರೋದು), ಒಂದೂವರೆ ವರ್ಷ ಇದ್ದಾಗ ಓಪನ್ ಹಾರ್ಟ್ ಆಯ್ತು. ಅದಕ್ ಮುಂಚೆ ಅತ್ರೆ ಸಾಕು ತುಟಿ ಉಗುರೆಲ್ಲಾ ನೇರಳೆ ಹಣ್ಣು ತಿಂದಂಗೆ ಆಗೋದು, ಅವಳ ಮಂಡೀನ ಅವಳ ಎದೆಗೇ ಒತ್ತಿ ಹಿಡ್ಕೊಂಡು ಕೂರ್ತಿದ್ದೆ. ಈಗ ಚೆನ್ನಾಗಿದಾಳೆ, ಆದ್ರೆ ಪಲ್ಮನರಿ ವಾಲ್ವ್ (ಹಾರ್ಟಿಂದ ಶ್ವಾಸಕೋಶಕ್ಕೆ ರಕ್ತ ಹೋಗೋ ದಾರೀಲಿರೋ ಬಾಗಿಲು) ಲೀಕ್ ಇದೆ, ವರ್ಷಕ್ಕೊಂದ್ ಎಕೋ (ಹಾರ್ಟ್ ಸ್ಕ್ಯಾನ್).

ವಿಷಯ ಏನಂದ್ರೆ, ಇಂಥ ಮಕ್ಕಳು ಬೆಳೀತಾ ಹೇಗಿರ್ತಾರೆ ಅಂತ ಒಂದು ಸ್ಟಡಿ ಶುರುವಾಗ್ತಿದೆ, ಪ್ರಶ್ನೆಗಳನ್ನ ಫೈನಲ್ ಮಾಡೋಕ್ ಮುಂಚೆ ಮನೆಯವರ ಮಾತೂ ಬೇಕು ಅಂತ ನನ್ನನ್ನ ಕರ್ದಿದಾರೆ. ಬರೀ ರಕ್ತ ಕೊಟ್ಟು ಫಾರಂಗೆ ಸೈನ್ ಹಾಕೋದಲ್ಲ, ಏನನ್ನ ರಿಸರ್ಚ್ ಮಾಡ್ಬೇಕು ಅಂತಾನೂ ನಾವು ಹೇಳ್ಬೋದು. ಬ್ರಿಟನ್ನಲ್ಲಿ ಪೇಷೆಂಟ್ಸು, ಮನೆಯವರು, ಡಾಕ್ಟ್ರುಗಳು ಒಟ್ಟಿಗೆ ಕೂತು, ಹುಟ್ಟಿನಿಂದ ಬರೋ ಹಾರ್ಟ್ ಪ್ರಾಬ್ಲಮ್ ಬಗ್ಗೆ ರಿಸರ್ಚ್ ಆಗ್ಬೇಕಾದ ಮುಖ್ಯ ಪ್ರಶ್ನೆಗಳನ್ನ ಮಕ್ಕಳಿಗೆ 10, ದೊಡ್ಡೋರಿಗೆ 10 ಅಂತ ಆರಿಸಿದಾರೆ.

ನಮ್ ಸ್ಟಡಿಯ ಪ್ರಶ್ನೆಗಳ ಡ್ರಾಫ್ಟಲ್ಲಿ ಎಕೋ, ಎಂಆರ್‌ಐ ನಂಬರೇ ಜಾಸ್ತಿ. ಮಗಳು ಓದಿ ಕೇಳಿದ್ದು ಒಂದೇ, "ಪಿಟಿ ಪೀರಿಯಡ್ಡಲ್ಲಿ ನನ್ನ ಯಾಕೆ ಕೂರಿಸ್ತಾರೆ ಅಂತ ಇಲ್ಲಿಲ್ವಲ್ಲಮ್ಮ?" ನಂಗೆ ಉತ್ತರ ಹೊಳೀಲಿಲ್ಲ. 12 ದಾಟಿದ ಮಕ್ಕಳ ಒಪ್ಪಿಗೇನ ಬರವಣಿಗೇಲಿ ತಗೋಬೇಕು ಅಂತ ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಗೈಡ್‌ಲೈನ್ಸಲ್ಲಿದೆ, ಆದ್ರೆ ಸ್ಟಡಿ ಬಗ್ಗೆ ತಿಳಿಸೋಕೆ ಅವಳಿಗೆ ಕೊಟ್ಟ ಕನ್ನಡ ಹಾಳೇಲಿ "ಹೃತ್ಕವಾಟ", "ಹಿಂಹರಿವು" ಅಂತೆಲ್ಲಾ ಇದ್ದು ನಂಗೇ ಅರ್ಥ ಆಗ್ಲಿಲ್ಲ.

ಅದಕ್ಕೇ ಕೇಳ್ತಿದೀನಿ, ನಿಮಗೆ ರಾತ್ರಿ ನಿದ್ದೆ ಕೆಡಿಸೋ ಪ್ರಶ್ನೆ ಯಾವ್ದು, ಹೊಸ ವಾಲ್ವ್ ಯಾವಾಗ ಹಾಕಿಸ್ಬೇಕು ಅಂತಾನಾ, ಮದುವೆ ಬಸಿರು ಬಗ್ಗೇನಾ, ಖರ್ಚಾ? ಬೀದರ್, ರಾಯಚೂರು, ಕಾರವಾರದಂಥ ದೂರದೂರಿಂದ ಚೆಕಪ್ಪಿಗೆ ಬರೋರು ಖಂಡಿತ ಬರೀರಿ, ನಿಮ್ಮ ಕಷ್ಟ ಬೇರೇನೇ ಇರತ್ತೆ. ಆಪರೇಷನ್ ಆಗಿ ದೊಡ್ಡೋರಾಗಿರೋರು ಇದ್ರಂತೂ ಇನ್ನೂ ಒಳ್ಳೇದು. ಆ ಹಾಳೇನ ಮಕ್ಕಳಿಗೆ ತಿಳಿಯೋ ಕನ್ನಡದಲ್ಲಿ ಬರ್ಯೋಕೆ ಯಾರಾದ್ರೂ ಜೊತೆ ಕೂರ್ತೀರಾ? ಮುಂದಿನ ಶನಿವಾರ ಮೀಟಿಂಗ್ ಇದೆ.