ಮದುವೆಗೆ ಚಾರ್ಟರ್ ಜೆಟ್‌ನಲ್ಲಿ ಬರುವವರು: ಎಲ್ಲಿ ಇಳಿಸೋದು, ಕಾರು ಎಲ್ಲಿ ನಿಲ್ಲಿಸೋದು?

ಪ್ರಶ್ನೆ (ಟ್ರಾವೆಲ್ಸ್, ಪಿ.ಜೆ. ಬಡಾವಣೆ, ದಾವಣಗೆರೆ): ಸರ್, ಮುಂಬೈಯಿಂದ ಬೀಗರ ಕಡೆಯವರು ಏಳು ಜನ ಚಾರ್ಟರ್ ಜೆಟ್‌ನಲ್ಲಿ ಬರ್ತಿದ್ದಾರೆ. ಬೆಳಿಗ್ಗೆ ಬಂದು ಮರುದಿನ ಸಂಜೆ ವಾಪಸ್. ವಿಮಾನದ ವ್ಯವಸ್ಥೆ ಅವರದು, ಇಳಿದ ಮೇಲಿನ ಜವಾಬ್ದಾರಿ ನಮ್ಮದು. ಶಿವಮೊಗ್ಗ, ಹುಬ್ಬಳ್ಳಿ, ಬೆಂಗಳೂರು, ಯಾವುದು ಅನುಕೂಲ?

ಉತ್ತರ (ಗ್ರೌಂಡ್ ಹ್ಯಾಂಡ್ಲಿಂಗ್, ಅಂದರೆ ನಿಲ್ದಾಣದಲ್ಲಿ ವಿಮಾನ, ಪ್ರಯಾಣಿಕರನ್ನು ನೋಡಿಕೊಳ್ಳುವ ಹ್ಯಾಂಡ್ಲರ್): ದೂರ ನೋಡಿದರೆ ಹತ್ತಿರದ್ದು ಶಿವಮೊಗ್ಗದ ಸೋಗಾನೆ ನಿಲ್ದಾಣ, ಸುಮಾರು 90 ಕಿ.ಮೀ. ಹುಬ್ಬಳ್ಳಿ 150ರ ಹತ್ತಿರ, ದೇವನಹಳ್ಳಿ 270ರ ಆಸುಪಾಸು. ಆದರೆ ಹೊನ್ನಾಳಿ ದಾರಿಯಲ್ಲಿ ಊರೂರಿಗೂ ಹಂಪ್ಸ್. ಭತ್ತದ ಕೊಯ್ಲಿನ ಕಾಲವಾದರೆ ಟ್ರ್ಯಾಕ್ಟರ್, ಕಟಾವು ಯಂತ್ರ, ಜೊತೆಗೆ ರಸ್ತೆ ಮೇಲೆ ಒಣಹಾಕಿದ ಭತ್ತ. ಎರಡು ಗಂಟೆ ಹಿಡಿಯಿರಿ. ಹುಬ್ಬಳ್ಳಿಯಿಂದ ಹಾವೇರಿ, ರಾಣೇಬೆನ್ನೂರು ಮೇಲೆ ಹೆದ್ದಾರಿ 48ರಲ್ಲಿ ಎರಡೂವರೆ ಗಂಟೆ. ಶಿವಮೊಗ್ಗದಲ್ಲಿ ಇಳಿದರೆ ಉಳಿಯುವುದು ಅರ್ಧ ಗಂಟೆ ಅಷ್ಟೇ. ಮಳೆಗಾಲ ಅಥವಾ ಮಂಜಿನ ಕಾಲದ ಬೆಳಗ್ಗೆಯಾದರೆ ಹುಬ್ಬಳ್ಳಿಯೇ ಇರಲಿ ಅಂತ ನಾನು ಹೇಳ್ತೀನಿ. ಹೊತ್ತೇರಿದ ಮೇಲೆ ಬರುವುದಾದರೆ ಶಿವಮೊಗ್ಗ ಚೆನ್ನಾಗಿದೆ.

ಯಾವುದೇ ಆಗಲಿ, ಆಪರೇಟರ್, ಅಂದರೆ ವಿಮಾನ ನಡೆಸುವ ಕಂಪನಿಯವರ ಹತ್ತಿರ ಮೂರು ವಿಷಯ ಇಂದೇ ಕೇಳಿ. ಮೊದಲನೆಯದು, ಆ ನಿಲ್ದಾಣ ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ. ಸಣ್ಣ ನಿಲ್ದಾಣಗಳಿಗೆ ವಾಚ್ ಅವರ್ಸ್ ಇರುತ್ತದೆ. ಅದು ಮುಗಿದ ಮೇಲೆ ಹೊರಡಬೇಕಾದರೆ ಮುಂಚೆಯೇ ಅರ್ಜಿ ಹಾಕಿ, ಹಣ ಕಟ್ಟಿ ವಿಸ್ತರಣೆ ಪಡೆಯಬೇಕು. ಮುಹೂರ್ತದ ಊಟ, ಫೋಟೊ ಅಂತ ತಡವಾಗುವುದು ಗೊತ್ತಿದ್ದದ್ದೇ, ಆದ್ದರಿಂದ ನಿಮಗೆ ಸಂಜೆಯದೇ ಮುಖ್ಯ. ಎರಡನೆಯದು, ರಾತ್ರಿ ಪಾರ್ಕಿಂಗ್ ಸಿಕ್ಕಿದೆಯಾ. ಸಿಗದಿದ್ದರೆ ವಿಮಾನ ಬೇರೆ ಊರಿಗೆ ಖಾಲಿ ಹೋಗಿ ಖಾಲಿ ಬರಬೇಕು, ಆ ಎರಡೂ ಹಾರಾಟ ಬಿಲ್‌ಗೆ ಬೀಳುತ್ತದೆ. ಮೂರನೆಯದು, ಇಂಧನ ಅಲ್ಲೇ ತುಂಬಿಸುತ್ತಾರಾ, ಇಲ್ಲ ವಾಪಸ್ ಹೋಗುವಷ್ಟು ತುಂಬಿಕೊಂಡೇ ಬರುತ್ತಾರಾ. ಹುಬ್ಬಳ್ಳಿ ನಡೆಸುವುದು ವಿಮಾನ ನಿಲ್ದಾಣ ಪ್ರಾಧಿಕಾರ, ಶಿವಮೊಗ್ಗ ನಡೆಸುವುದು ರಾಜ್ಯದ ಕೈಗಾರಿಕೆ, ಮೂಲಸೌಕರ್ಯ ಅಭಿವೃದ್ಧಿ ನಿಗಮ ಕೆಎಸ್‌ಐಐಡಿಸಿ. ಒಂದು ಕಡೆಯ ಅನುಮತಿ ಇನ್ನೊಂದು ಕಡೆ ನಡೆಯುವುದಿಲ್ಲ.

ಇನ್ನು ಕಾರು. ಏಳು ಜನಕ್ಕೆ ಒಂದು ಇನ್ನೋವಾ ಕ್ರಿಸ್ಟಾ ಸಾಕು ಅನ್ನಬೇಡಿ. ಮೂರನೇ ಸಾಲು ಎತ್ತಿದರೆ ಲಗೇಜಿಗೆ ಜಾಗವಿಲ್ಲ. ಎರಡು ಕ್ರಿಸ್ಟಾ, ಸೂಟ್‌ಕೇಸಿಗೆ ಇನ್ನೊಂದು ಗಾಡಿ. ಎಲ್ಲವೂ ಯೆಲ್ಲೋ ಬೋರ್ಡ್ ಇರಲಿ. ಕಾರು ವಿಮಾನದ ಬಾಗಿಲಿಗೆ ಬರುತ್ತದೆ ಅಂತ ಅತಿಥಿಗಳಿಗೆ ಮಾತು ಕೊಡಬೇಡಿ, ಖಾಸಗಿ ಗಾಡಿಯನ್ನು ಏಪ್ರನ್‌ಗೆ, ಅಂದರೆ ವಿಮಾನ ನಿಲ್ಲುವ ಅಂಗಳಕ್ಕೆ ಬಿಡುವುದಿಲ್ಲ. ಯಾವ ಗೇಟಿನಿಂದ ಹೊರಗೆ ಕರೆತರುತ್ತಾರೆ ಅಂತ ಹ್ಯಾಂಡ್ಲರ್‌ನಿಂದ ಬರಹದಲ್ಲಿ ತರಿಸಿಕೊಂಡು, ಡ್ರೈವರ್ ಹೆಸರು, ಗಾಡಿ ನಂಬರ್ ಹಿಂದಿನ ದಿನವೇ ಕಳಿಸಿ.

ಪ್ರಶ್ನೆ (ಅದೇ ಟ್ರಾವೆಲ್ಸ್): ಅವರು ಕಳಿಸಿದ ಶೆಡ್ಯೂಲ್‌ನಲ್ಲಿ ಇಳಿಯೋದು 0430 ಅಂತಿದೆ. ಬೆಳಗಿನ ಜಾವ ನಾಲ್ಕೂವರೆಗೆ ಕಾರು ನಿಲ್ಲಿಸ್ಬೇಕಾ?

ಉತ್ತರ: ಇಲ್ಲ. ವಿಮಾನದ ಕಾಗದಗಳು ಸಾಮಾನ್ಯವಾಗಿ ಯುಟಿಸಿಯಲ್ಲಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯದಲ್ಲಿರುತ್ತವೆ. ಐದೂವರೆ ಗಂಟೆ ಸೇರಿಸಿ, ಬೆಳಿಗ್ಗೆ 10. ಆದರೂ ಫೋನ್ ಮಾಡಿ ಖಚಿತಪಡಿಸಿಕೊಳ್ಳಿ. ಡ್ರೈವರ್‌ಗಳಿಗೆ ಭಾರತೀಯ ಸಮಯ ಮಾತ್ರ ಬರೆದುಕೊಡಿ. ವಿಮಾನದ ನೋಂದಣಿ ಸಂಖ್ಯೆ, ಅಂದರೆ ವಿಟಿಯಿಂದ ಶುರುವಾಗುವ ಅಕ್ಷರಗಳು, ಅದನ್ನೂ ಬರೆದಿಡಿ. ಕೊನೇ ಗಳಿಗೆಯಲ್ಲಿ ವಿಮಾನ ಬದಲಾದರೆ ಅದೂ ಬದಲಾಗುತ್ತದೆ.

ಪ್ರಶ್ನೆ (ಇವೆಂಟ್ ಕೆಲಸ, ಹದಡಿ ರಸ್ತೆ): ಹವಾಮಾನ ಕೆಟ್ಟು ಬೇರೆ ಕಡೆ ಇಳಿದರೆ?

ಉತ್ತರ: ಇಡೀ ಪ್ಲ್ಯಾನ್ ಕೆಡುವುದು ಇಲ್ಲೇ. ಪೈಲಟ್ ಕೈಯಲ್ಲಿ ಆಲ್ಟರ್ನೇಟ್, ಅಂದರೆ ಬದಲಿ ನಿಲ್ದಾಣ ಇದ್ದೇ ಇರುತ್ತದೆ, ಕಾರಿನವರ ಹತ್ತಿರ ಇರುವುದಿಲ್ಲ. ಮೂರೂ ಗಾಡಿ ಸೋಗಾನೆಯಲ್ಲಿ ನಿಂತಿದ್ದು ವಿಮಾನ ಹುಬ್ಬಳ್ಳಿಗೆ ತಿರುಗಿದರೆ, ಆ ಗಾಡಿಗಳು ಹೋಗಿ ಮುಟ್ಟುವ ಹೊತ್ತಿಗೆ ಮುಹೂರ್ತ ಮುಗಿದಿರುತ್ತದೆ. ಆಲ್ಟರ್ನೇಟ್ ಯಾವುದು ಅಂತ ಹಿಂದಿನ ದಿನ ಕೇಳಿ, ಆ ಊರಿನಲ್ಲೇ ಒಬ್ಬ ಟ್ರಾವೆಲ್ಸ್‌ನವರಿಗೆ ಅಡ್ವಾನ್ಸ್ ಕೊಟ್ಟು ಗಾಡಿ ಹಿಡಿದಿಡಿ. ಬರದಿದ್ದರೆ ಅಡ್ವಾನ್ಸ್ ಹೋಗಲಿ, ಚಾರ್ಟರ್ ಖರ್ಚಿನ ಮುಂದೆ ಅದೇನೂ ಅಲ್ಲ. ಮುಂಬೈಯಲ್ಲಿ ಸ್ಲಾಟ್, ಅಂದರೆ ಹೊರಡಲು ಕೊಟ್ಟ ಸಮಯ ತಪ್ಪಿದರೂ ತೊಂದರೆಯೇ. ದಟ್ಟಣೆಯ ಹೊತ್ತಿನಲ್ಲಿ ಅಲ್ಲಿ ಖಾಸಗಿ ವಿಮಾನಕ್ಕೆ ಅವಕಾಶವಿಲ್ಲ, ಹದಿನೈದು ನಿಮಿಷದ ತಡ ಗಂಟೆಗಟ್ಟಲೆ ಆಗಬಹುದು. ವಿಮಾನ ನಿಜವಾಗಿ ಮೇಲೆದ್ದ ಮೆಸೇಜ್ ಹ್ಯಾಂಡ್ಲರ್‌ನಿಂದ ಬಂದ ಮೇಲೆಯೇ ಮನೆಯವರಿಗೆ ಸಮಯ ಹೇಳಿ.

ಪ್ರಶ್ನೆ (ಚಿತ್ರದುರ್ಗ): ನಮ್ಮ ಅತಿಥಿ ದುಬೈಯಿಂದ ಸ್ವಂತ ವಿಮಾನದಲ್ಲಿ ಬರುತ್ತಾರೆ. ನೇರ ಹುಬ್ಬಳ್ಳಿಗೆ ಬರಬಹುದಾ? ಅಲ್ಲಿಂದ ದುರ್ಗಕ್ಕೆ ಹೆಲಿಕಾಪ್ಟರ್ ಇದ್ದರೆ ಇನ್ನೂ ಒಳ್ಳೆಯದು.

ಉತ್ತರ: ನೇರ ಆಗಲ್ಲ. ಹೊರದೇಶದಿಂದ ಬಂದವರು ಕಸ್ಟಮ್ಸ್, ಇಮಿಗ್ರೇಷನ್ ಇರುವ ಕಡೆಯೇ ಇಳಿಯಬೇಕು, ನಿಮಗೆ ಅದು ದೇವನಹಳ್ಳಿ. ವಿದೇಶಿ ನೋಂದಣಿಯ ವಿಮಾನವಾದರೆ ಡಿಜಿಸಿಎ (ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ) ಅನುಮತಿಯನ್ನು ಆಪರೇಟರ್ ಮೊದಲೇ ಪಡೆದಿರಬೇಕು. ಅಲ್ಲಿಂದ ಕಾರಿನಲ್ಲಾದರೆ ಬೆಂಗಳೂರಿನ ಹೆಬ್ಬಾಳ, ಗೊರಗುಂಟೆಪಾಳ್ಯ ಮುಟ್ಟಲೇಬೇಡಿ. ದೊಡ್ಡಬಳ್ಳಾಪುರ ಮೇಲೆ ಸ್ಯಾಟಲೈಟ್ ರಿಂಗ್ ರೋಡಿನಲ್ಲಿ ಡಾಬಸ್‌ಪೇಟೆಗೆ ಬಂದು ಹೆದ್ದಾರಿ 48 ಸೇರಿ, ತುಮಕೂರು, ಶಿರಾ, ಹಿರಿಯೂರು. ಬೆಸ ವರ್ಷದ ಫೆಬ್ರವರಿಯಾದರೆ ಯಲಹಂಕದ ಏರೋ ಇಂಡಿಯಾ ವಿಮಾನ ಪ್ರದರ್ಶನದ ದಿನಾಂಕ ನೋಡಿಕೊಳ್ಳಿ, ಆಗ ದೇವನಹಳ್ಳಿಯಲ್ಲಿ ದಿನಕ್ಕೆ ಕೆಲವು ಗಂಟೆ ಹಾರಾಟ ನಿಲ್ಲಿಸುತ್ತಾರೆ.

ಹೆಲಿಕಾಪ್ಟರ್ ಆದರೆ ಹಗಲಲ್ಲಿ ಮಾತ್ರ ಅಂತ ಲೆಕ್ಕ ಹಾಕಿ. ಮೈದಾನಕ್ಕೆ ಜಿಲ್ಲಾಧಿಕಾರಿ ಕಚೇರಿ, ಪೊಲೀಸ್ ಅನುಮತಿ ಬೇಕು. ಅಗ್ನಿಶಾಮಕ ವಾಹನ, ಆಂಬುಲೆನ್ಸ್ ಸ್ಥಳದಲ್ಲಿರಬೇಕು. ಜಾಗದ ಅಕ್ಷಾಂಶ ರೇಖಾಂಶ, ಸುತ್ತಲಿನ ಮರ, ವಿದ್ಯುತ್ ತಂತಿಗಳ ಫೋಟೊ ಆಪರೇಟರ್‌ಗೆ ಮುಂಚೆಯೇ ಹೋಗಲಿ. ನಮ್ಮ ಕಡೆಯ ಮಣ್ಣಿನಲ್ಲಿ ಧೂಳು ಎದ್ದರೆ ಪೈಲಟ್‌ಗೆ ನೆಲವೇ ಕಾಣುವುದಿಲ್ಲ, ಇಳಿಯುವ ಮುಂಚೆ ಟ್ಯಾಂಕರ್‌ನಿಂದ ನೀರು ಚಿಮುಕಿಸಿ, ಕೆಸರಾಗುವಷ್ಟು ಬೇಡ. ಹತ್ತಿರ ಶಾಮಿಯಾನ, ಫ್ಲೆಕ್ಸ್, ಪ್ಲಾಸ್ಟಿಕ್ ಕುರ್ಚಿ ಇರಬಾರದು, ರೆಕ್ಕೆಯ ಗಾಳಿಗೆ ಹಾರಿ ರೋಟರ್‌ಗೆ ಸಿಕ್ಕರೆ ಜೀವಕ್ಕೇ ಅಪಾಯ. ಅತಿಥಿಗಳ ತೂಕ, ಲಗೇಜಿನ ತೂಕ ನಿಜವಾದದ್ದೇ ಕೊಡಿ. ದೊಡ್ಡ ಸೂಟ್‌ಕೇಸ್ ಹಿಡಿಸುವುದಿಲ್ಲ, ಅವನ್ನು ದೇವನಹಳ್ಳಿಯಿಂದ ಕಾರಿನಲ್ಲೇ ಕಳಿಸಿ.