ಸಾಕು ಜಿಂಕೆಯ ಕಣ್ಣಿನ ಶಸ್ತ್ರಚಿಕಿತ್ಸೆ: ಮಂಪರು ಎಷ್ಟು, ಸ್ಥಳೀಯ ಅರಿವಳಿಕೆ ಎಲ್ಲಿ?

ಪ್ರಶ್ನೆ

ನಾನು ನ್ಯೂಜಿಲೆಂಡಿನ ದಕ್ಷಿಣ ದ್ವೀಪದಲ್ಲಿ, ಕೆಂಪು ಜಿಂಕೆಗಳನ್ನು ಸಾಕುವ ಪ್ರದೇಶವೊಂದರಲ್ಲಿ ಪಶುವೈದ್ಯನಾಗಿದ್ದೇನೆ. ಸುಮಾರು 100 ಕಿಲೋ ತೂಕದ ಹೆಣ್ಣು ಜಿಂಕೆಯೊಂದರ ಬಲಗಣ್ಣು ಬೇಲಿಯ ತಂತಿ ತಗುಲಿ ಒಡೆದಿದ್ದು, ಉಳಿಸಿಕೊಳ್ಳುವ ಸ್ಥಿತಿಯಲ್ಲಿಲ್ಲದ ಕಾರಣ ಕಣ್ಣುಗುಡ್ಡೆಯನ್ನು ತೆಗೆಯಬೇಕಾಗಿದೆ. ಅನಿಲ ಅರಿವಳಿಕೆಯ ಯಂತ್ರವಿಲ್ಲದೆ, ಫಾರ್ಮಿನ ಶೆಡ್ಡಿನಲ್ಲೇ ಈ ಕೆಲಸ ಮುಗಿಯಬೇಕು. ಗಂಡು ಜಿಂಕೆಗಳ ಎಳೆಗೊಂಬು ಕತ್ತರಿಸುವಾಗ ಮಂಪರು ತರುವ ಕ್ಸೈಲಜಿನ್ ಕೊಟ್ಟು, ಕೊಂಬಿನ ಬುಡದ ಸುತ್ತ ಸ್ಥಳೀಯ ಅರಿವಳಿಕೆಯಾದ ಲಿಗ್ನೋಕೇನ್ ಹಾಕಿ, ಕೊನೆಗೆ ಮಂಪರು ಇಳಿಸುವ ಯೋಹಿಂಬಿನ್ ಕೊಟ್ಟು ಎಬ್ಬಿಸುವುದು ಇಲ್ಲಿನ ರೂಢಿ. ಕಣ್ಣಿಗೂ ಅದೇ ಕ್ರಮ ಸಾಲುವುದೇ? ಆರಿಕ್ಯುಲೋಪಾಲ್ಪೆಬ್ರಲ್ ನರಕ್ಕೆ ಚುಚ್ಚುಮದ್ದು ಕೊಟ್ಟು, ಕ್ಸೈಲಜಿನ್ ಪ್ರಮಾಣವನ್ನು ಸ್ವಲ್ಪ ಏರಿಸಿದರೆ ಆಗುವುದೇ?

ಮೊದಲ ಉತ್ತರ (ಪಶುವೈದ್ಯಕೀಯ ಅರಿವಳಿಕೆಯ ಬೋಧಕರು)

ನೀವು ಹೇಳಿದ ಎರಡೂ ಕ್ರಮಗಳಿಂದ ನೋವು ಹೋಗುವುದಿಲ್ಲ. ಆರಿಕ್ಯುಲೋಪಾಲ್ಪೆಬ್ರಲ್ ನರವು ಮುಖದ ಚಲನ ನರದ ಕವಲು. ಅದನ್ನು ತಡೆದರೆ ರೆಪ್ಪೆ ಬಿಗಿಯುವುದು ನಿಲ್ಲುತ್ತದೆಯೇ ಹೊರತು ಸ್ಪರ್ಶವಾಗಲಿ ನೋವಾಗಲಿ ಕಡಿಮೆಯಾಗುವುದಿಲ್ಲ. ಕಣ್ಣಿನ ಪರೀಕ್ಷೆಗೆ ಅದು ಬಹಳ ಉಪಯುಕ್ತ, ಕಣ್ಣು ತೆಗೆಯುವುದಕ್ಕೆ ಬರೀ ಪೂರಕ. ಕ್ಸೈಲಜಿನ್ ನೋವನ್ನು ಅಲ್ಪಸ್ವಲ್ಪ ತಗ್ಗಿಸುವುದು ನಿಜ. ಆದರೆ ಅದು ಸಾಲದೆಂದು ಪ್ರಮಾಣ ಏರಿಸುತ್ತಾ ಹೋದರೆ ಹೃದಯದ ಬಡಿತ ಇಳಿಯುತ್ತದೆ, ರಕ್ತದಲ್ಲಿ ಆಮ್ಲಜನಕ ಕುಸಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಮತ್ತು ಇಷ್ಟೆಲ್ಲಾ ಆದರೂ ಕತ್ತರಿ ದೃಷ್ಟಿನರದ ಹತ್ತಿರ ಹೋದಾಗ ಪ್ರಾಣಿ ತಲೆ ಕೊಡವುವ ಸಾಧ್ಯತೆ ಉಳಿದೇ ಇರುತ್ತದೆ.

ಮಂಪರು ಜಿಂಕೆಯನ್ನು ಮಲಗಿಸಲಿ. ನೋವು ತಡೆಯುವ ಕೆಲಸವನ್ನು ಕಣ್ಣುಗುಡ್ಡೆಯ ಹಿಂದಿನ ಲಿಗ್ನೋಕೇನಿಗೆ ಬಿಡಿ. ಬಾಗಿದ ಸೂಜಿಯಿಂದ ಮೇಲೆ, ಕೆಳಗೆ ಮತ್ತು ಎರಡೂ ಪಕ್ಕಗಳಲ್ಲಿ, ಕಣ್ಣುಗೂಡಿನ ಮೂಳೆಗೆ ಒತ್ತಿಕೊಂಡಂತೆ ಸಾಗಿ, ನಾಲ್ಕು ಕಡೆ ತಲಾ 5 ಮಿಲಿಲೀಟರ್ ಹಾಕಬಹುದು. ಪ್ರತಿ ಸಲವೂ ಪಿಸ್ಟನ್ ಹಿಂದಕ್ಕೆಳೆದು ರಕ್ತವಾಗಲಿ ತಿಳಿಯಾದ ಮೆದುಳುಬಳ್ಳಿಯ ದ್ರವವಾಗಲಿ ಬರುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ, ಏಕೆಂದರೆ ದೃಷ್ಟಿನರದ ಹೊದಿಕೆಯೊಳಗೆ ಔಷಧ ಸೇರಿದರೆ ಅದು ಮೆದುಳಿನವರೆಗೂ ಹೋಗಿ ಉಸಿರಾಟವನ್ನೇ ನಿಲ್ಲಿಸಬಲ್ಲದು. ಜಿಂಕೆಯ ಕಣ್ಣಿನ ಒಳಮೂಲೆಯ ಮುಂದೆ ಗ್ರಂಥಿಯೊಂದು ಕುಳಿತಿರುವ ಆಳವಾದ ಗುಳಿಯಿದೆ. ಹಸುವಿನ ಮೇಲೆ ಕಲಿತ ಕೈ ಅಲ್ಲಿ ದಾರಿ ತಪ್ಪಬಹುದು.

ಒಟ್ಟು ಪ್ರಮಾಣದ ಲೆಕ್ಕವನ್ನು ಮೊದಲೇ ಬರೆದಿಟ್ಟುಕೊಳ್ಳಿ. ಕಿಲೋಗೆ 5 ಮಿಲಿಗ್ರಾಂ ಎಂಬ ಮಿತಿಯನ್ನು ಹಿಡಿದರೆ ನಿಮ್ಮ ಜಿಂಕೆಗೆ 500 ಮಿಲಿಗ್ರಾಂ, ಅಂದರೆ ಶೇ. 2ರ ದ್ರಾವಣದಲ್ಲಿ 25 ಮಿಲಿಲೀಟರ್. ಕಣ್ಣಿನ ಹಿಂದೆ 20 ಹೋದರೆ ರೆಪ್ಪೆಯ ಅಂಚಿಗೆ ಉಳಿಯುವುದು ಐದೇ. ಹೆಚ್ಚು ಬೇಕೆನಿಸಿದರೆ ಅದನ್ನು ಲವಣಜಲದೊಂದಿಗೆ ಬೆರೆಸಿ ತೆಳುವಾಗಿಸಿ, ಮಿತಿ ದಾಟಬೇಡಿ. ಕಣ್ಣು ಉಳಿಸುವ ಶಸ್ತ್ರಚಿಕಿತ್ಸೆಯಾಗಿದ್ದರೆ ಒಡೆದ ಗುಡ್ಡೆಯ ಹಿಂದೆ ಇಷ್ಟು ದ್ರವ ತುಂಬಿ ಒತ್ತಡ ಏರಿಸುವುದು ಸರಿಯಲ್ಲ; ಇಲ್ಲಿ ಆ ಚಿಂತೆಯಿಲ್ಲ.

ಎರಡನೆಯ ಉತ್ತರ (ನಾರ್ವೆಯಲ್ಲಿ ಹಿಮಸಾರಂಗಗಳೊಂದಿಗೆ ಕೆಲಸ ಮಾಡುವವರು)

ಮೇಲಿನದಕ್ಕೆ ನನ್ನ ಒಪ್ಪಿಗೆಯಿದೆ. ಆದರೂ ನಾನು ಹೆಚ್ಚು ಹೆದರುವುದು ಸೂಜಿಗಲ್ಲ, ಆಮ್ಲಜನಕದ ಕೊರತೆಗೆ. ಇಲ್ಲಿ ಸರ್ವಿಡ್ ಹರ್ಪಿಸ್ ವೈರಸ್ 2ರಿಂದ ಬರುವ ಸಾಂಕ್ರಾಮಿಕ ಕಣ್ಣುಬೇನೆ ಮರಿಗಳನ್ನು ಹೆಚ್ಚಾಗಿ ಕಾಡುತ್ತದೆ, ಕೆಲವೊಮ್ಮೆ ಕಣ್ಣೇ ಹಾಳಾಗುತ್ತದೆ. ಕ್ಸೈಲಜಿನ್ ಬಗೆಯದೇ ಮಂಪರು ಔಷಧವಾದ ಮೆಡಿಟೊಮಿಡಿನ್ ಮತ್ತು ಅರಿವಳಿಕೆ ಔಷಧವಾದ ಕೆಟಮಿನ್ ಜೊತೆಗೂಡಿಸಿ ಮಲಗಿಸಿದಾಗ ಹಿಮಸಾರಂಗ ಶಾಂತವಾಗಿ ಉಸಿರಾಡುತ್ತಿರುವಂತೆ ಕಂಡರೂ ರಕ್ತದ ಆಮ್ಲಜನಕ ಬಹಳ ಕೆಳಗಿರಬಹುದು. ಹೀಗಾಗಿ ಮೂಗಿನ ಕೊಳವೆಯಲ್ಲಿ ಆಮ್ಲಜನಕ ಹರಿಸುವುದನ್ನು ಐಚ್ಛಿಕವೆಂದು ಭಾವಿಸಬೇಡಿ. ಸಣ್ಣ ಸಿಲಿಂಡರನ್ನು ಶೆಡ್ಡಿಗೆ ಒಯ್ಯುವುದು ಕಷ್ಟವೇನಲ್ಲ. ಎದೆಯ ಮೇಲೆ ಮಲಗಿಸಿ, ಕುತ್ತಿಗೆಯನ್ನು ಎತ್ತರಿಸಿ, ಜೊಲ್ಲು ಮತ್ತು ಮೆಲುಕಿನ ದ್ರವ ಹೊರಹರಿಯುವಂತೆ ಮೂತಿಯನ್ನು ಕೆಳಕ್ಕೆ ಬಾಗಿಸಿಡಿ.

ಕಣ್ಣುಗುಡ್ಡೆಯನ್ನು ಎಳೆದಾಗ ಹೃದಯ ಥಟ್ಟನೆ ನಿಧಾನವಾಗುವ ಪ್ರತಿವರ್ತನೆ ಹಲವು ಪ್ರಾಣಿಗಳಲ್ಲಿ ಇದೆ, ಮತ್ತು ಈ ಮಂಪರು ಔಷಧಗಳು ಬಡಿತವನ್ನು ಮೊದಲೇ ತಗ್ಗಿಸಿರುತ್ತವೆ. ಒಬ್ಬರು ಸ್ಟೆತಸ್ಕೋಪ್ ಹಿಡಿದೇ ಇರಲಿ. ಬಡಿತ ಇಳಿದರೆ ಎಳೆತ ಬಿಟ್ಟು ಕಾಯಿರಿ. ಬಡಿತ ಏರಿಸುವ ಅಟ್ರೋಪಿನ್ ಸಿದ್ಧವಿರಲಿ, ಆದರೆ ಅದು ಜೊಲ್ಲನ್ನು ಗಟ್ಟಿಯಾಗಿಸಿ ಹೊಟ್ಟೆಯ ಚಲನೆಯನ್ನು ಕುಂದಿಸುವುದರಿಂದ ಮೆಲುಕು ಹಾಕುವ ಪ್ರಾಣಿಗೆ ಮುಂಚಿತವಾಗಿ ಕೊಡುವ ಪರಿಪಾಠ ನನಗೆ ಸಮ್ಮತವಲ್ಲ.

ಮೂರನೆಯ ಉತ್ತರ (ಕರ್ನಾಟಕದ ಮೃಗಾಲಯವೊಂದರ ವೈದ್ಯರು)

ನಮ್ಮಲ್ಲಿ ಜಿಂಕೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬರುವುದರಿಂದ ಸಾಕಣೆಯ ಪ್ರಶ್ನೆಯೇ ಇಲ್ಲ, ನನ್ನ ಅನುಭವ ಮೃಗಾಲಯದ ಚುಕ್ಕೆ ಜಿಂಕೆ ಮತ್ತು ಕಡವೆಗಳದ್ದು. ಮಂಪರು ಬರುವ ಮೊದಲಿನ ಗಾಬರಿಯೇ ಅರ್ಧ ಅಪಾಯ. ಬೆದರಿ ಓಡಿದ ಜಿಂಕೆಯ ಸ್ನಾಯುಗಳು ಹಾಳಾಗಿ, ಶಸ್ತ್ರಚಿಕಿತ್ಸೆ ಚೆನ್ನಾಗಿ ನಡೆದರೂ ಅದು ಕೆಲವು ದಿನಗಳ ಬಳಿಕ ಸಾಯಬಹುದು. ಚುಚ್ಚಿದ ಮೇಲೆ ಎಲ್ಲರೂ ದೂರ ಸರಿದು ಮೌನವಾಗಿರಬೇಕು. ಆಮೇಲೆ ಒಳ್ಳೆಯ ಕಣ್ಣಿಗೆ ಮುಲಾಮು ಹಚ್ಚಿ ಬಟ್ಟೆ ಕಟ್ಟಿ, ಕಿವಿಗೆ ಹತ್ತಿ ಇಡಿ, ದೇಹದ ಉಷ್ಣತೆಯನ್ನು ಅಳೆಯುತ್ತಿರಿ. ಪೀಟರ್ಸನ್ ವಿಧಾನದಲ್ಲಿ ಒಂದೇ ಕಡೆ ಆಳಕ್ಕೆ ಚುಚ್ಚಿ ನರಗಳನ್ನು ತಡೆಯುವುದನ್ನು ಕೆಲವರು ಶಿಫಾರಸು ಮಾಡುತ್ತಾರೆ. ದನಗಳಲ್ಲಿ ಕೈಪಳಗಿದ್ದವರಿಗೆ ಅದು ಒಳ್ಳೆಯದೇ, ಜಿಂಕೆಯಲ್ಲಿ ಮೊದಲ ಸಲಕ್ಕೆ ನಾಲ್ಕು ಕಡೆಯ ಚುಚ್ಚುಮದ್ದೇ ವಾಸಿ.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ಕ್ಸೈಲಜಿನ್ ಜೊತೆ ಸ್ವಲ್ಪ ಕೆಟಮಿನ್ ಸೇರಿಸುವ ಯೋಚನೆಯಿದೆ. ಹಾಗಾದರೆ ಯೋಹಿಂಬಿನ್ ಯಾವಾಗ ಕೊಡಬೇಕು?

ಮೊದಲ ಉತ್ತರ ಬರೆದವರು

ಹೊಲಿಗೆ ಮುಗಿದ ಕೂಡಲೇ ಬೇಡ. ಯೋಹಿಂಬಿನ್ ಕ್ಸೈಲಜಿನನ್ನು ಮಾತ್ರ ತೊಡೆದುಹಾಕುತ್ತದೆ. ಕೆಟಮಿನ್ ಇನ್ನೂ ದೇಹದಲ್ಲಿದ್ದರೆ ಜಿಂಕೆ ಸೆಟೆದುಕೊಂಡು ಒದ್ದಾಡುತ್ತಾ ಏಳುತ್ತದೆ, ಹೊಲಿಗೆಯೂ ಕಿತ್ತುಹೋಗಬಹುದು. ಕಿವಿಯ ಆಟ, ತಲೆ ಎತ್ತುವ ಯತ್ನ ಕಂಡ ಮೇಲೆ ಕೊಡಿ. ಕ್ಸೈಲಜಿನ್ ಕೊಡುತ್ತಿದ್ದ ನೋವುಶಮನವೂ ಅದರೊಂದಿಗೆ ಹೊರಟುಹೋಗುವುದರಿಂದ ನೋವುನಿವಾರಕವಾದ ಮೆಲಾಕ್ಸಿಕಮ್ಮನ್ನು ಕತ್ತರಿ ಹಿಡಿಯುವ ಮೊದಲೇ ಕೊಟ್ಟಿರಬೇಕು. ಮಾಂಸಕ್ಕೆ ಹೋಗುವ ಪ್ರಾಣಿಯಾದ್ದರಿಂದ ಬಳಸಿದ ಪ್ರತಿಯೊಂದು ಔಷಧವನ್ನೂ, ಮಾಂಸಕ್ಕೆ ಕಳಿಸುವ ಮೊದಲು ಅದಕ್ಕಾಗಿ ಕಾಯಬೇಕಾದ ಅವಧಿಯನ್ನೂ ಕಿವಿಯೋಲೆಯ ಸಂಖ್ಯೆಯೊಂದಿಗೆ ಫಾರ್ಮಿನ ದಾಖಲೆಯಲ್ಲಿ ಬರೆಸಿ. ಎದ್ದ ಮೇಲೆ ಕತ್ತಲಿನ ಸಣ್ಣ ಕೋಣೆಯಲ್ಲಿ, ಒಂದೆರಡು ಸಾಧುವಾದ ಹೆಣ್ಣುಗಳನ್ನು ಪಕ್ಕದ ಅಂಕಣದಲ್ಲಿ ಕಾಣುವಂತಿಟ್ಟು ಬಿಡಿ, ಮತ್ತು ಮುಂದೆ ಅದನ್ನು ಓಡಿಸುವವರು ಯಾವಾಗಲೂ ಎಡಬದಿಯಿಂದಲೇ ಸಮೀಪಿಸಲಿ.