ಕುರ್ಚಿ ಹತ್ತಿರ ಕೌಂಟ್ ಜಾಸ್ತಿ ಇದೆ, 'ನಾರ್ಮಲ್' ಅಂತ ಬರೆಯಬಹುದೇ?

ಬೆಳಗಾವಿ ಹುಡುಗ:
ನಮಸ್ಕಾರ. ಬೆಳಗಾವಿಯ ಒಂದು ಆಸ್ಪತ್ರೆಯ ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲಿ ಟೆಕ್ನಾಲಜಿಸ್ಟ್ ಆಗಿ ಈಚೆಗೆ ಸೇರಿದ್ದೇನೆ. ಸಂಜೆ ಹಾಟ್ ಲ್ಯಾಬ್ (ವಿಕಿರಣಶೀಲ ಔಷಧಿ ಸಿದ್ಧಪಡಿಸುವ ಕೋಣೆ), ಇಂಜೆಕ್ಷನ್ ರೂಮ್ ಎರಡರಲ್ಲೂ ವಿಕಿರಣ ಸರ್ವೆ ಮಾಡಿ ರಿಜಿಸ್ಟರ್‌ನಲ್ಲಿ ಬರೆಯುವ ಕೆಲಸ ನನ್ನದು. ಇವತ್ತು ಸರ್ವೆ ಮೀಟರ್‌ನಲ್ಲಿ ಏನೂ ಕಾಣಲಿಲ್ಲ. ಆದರೆ ಕಂಟ್ಯಾಮಿನೇಷನ್ ಮಾನಿಟರ್ ಹಿಡಿದಾಗ ಇಂಜೆಕ್ಷನ್ ಕುರ್ಚಿಯ ಕಾಲಿನ ಹತ್ತಿರ ನಿಮಿಷಕ್ಕೆ 900 ಕೌಂಟ್ ಬಂತು. ಬ್ಯಾಕ್‌ಗ್ರೌಂಡ್, ಅಂದರೆ ಏನೂ ಚೆಲ್ಲದ ಕಡೆ ಸಹಜವಾಗಿ ಬರುವ ಕೌಂಟ್, 50ರ ಆಸುಪಾಸು. ಸೀನಿಯರ್‌ಗೆ ಹೇಳಿದರೆ "ಟೆಕ್ನೀಷಿಯಂ ತಾನೇ, ಬೆಳಗ್ಗೆ ಹೊತ್ತಿಗೆ ಹೋಗುತ್ತದೆ, ನಾರ್ಮಲ್ ಅಂತ ಬರಿ" ಅಂದರು. ಬೆಳಗ್ಗೆ ಆರಕ್ಕೆ ಮಾವಶಿ ನೆಲ ಒರೆಸಲು ಬರುತ್ತಾರೆ. ಅವರಿಗೆ ಡೋಸ್ ಅಳೆಯುವ ಬ್ಯಾಡ್ಜ್ ಇಲ್ಲ, ತರಬೇತಿಯೂ ಇಲ್ಲ. ಸಹಿ ಹಾಕಲು ಮನಸ್ಸು ಬರುತ್ತಿಲ್ಲ. ಇನ್ನೂ ಇಲ್ಲೇ ಇದ್ದೇನೆ. ಏನು ಮಾಡಲಿ?

ಗೋಕಾಕದ ಅಕ್ಕ:
ಸಹಿ ಹಾಕಬೇಡ ತಮ್ಮಾ. ನಾನು ಹುಬ್ಬಳ್ಳಿಯಲ್ಲಿ ಇದೇ ಕೆಲಸ ಮಾಡುತ್ತೇನೆ.

ಲೆಕ್ಕ ನೀನೇ ಹಾಕಿ ನೋಡು. ನಾವು ಇಂಜೆಕ್ಷನ್‌ನಲ್ಲಿ ಕೊಡುವ ವಿಕಿರಣಶೀಲ ಟೆಕ್ನೀಷಿಯಂ-99ಎಂ ಆರು ತಾಸಿಗೆ ಅರ್ಧ ಆಗುತ್ತದೆ. ಸಂಜೆ ಆರರಿಂದ ಬೆಳಗ್ಗೆ ಆರಕ್ಕೆ ಎರಡು ಸಲ ಅರ್ಧ. 900ರಲ್ಲಿ ಬ್ಯಾಕ್‌ಗ್ರೌಂಡ್ ಕಳೆದರೆ 850, ಅದರಲ್ಲಿ ಕಾಲು ಭಾಗ, ಅಂದರೆ 200ಕ್ಕಿಂತ ಜಾಸ್ತಿ ಉಳಿದಿರುತ್ತದೆ. ಬ್ಯಾಕ್‌ಗ್ರೌಂಡ್‌ನ ನಾಲ್ಕು ಪಟ್ಟು. ಮಾವಶಿ ಒದ್ದೆ ಬಟ್ಟೆಯಲ್ಲಿ ಅದನ್ನೇ ಕಾರಿಡಾರ್ ತನಕ ಎಳೆದುಕೊಂಡು ಹೋಗುತ್ತಾರೆ. ಇದರಿಂದ ಅವರಿಗೆ ದೊಡ್ಡ ಡೋಸ್ ಬರುವುದಿಲ್ಲ, ಗಾಬರಿ ಬೇಡ. ಆದರೆ ನಮ್ಮಂಥ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್ (ವಿಕಿರಣ ಡೋಸ್‌ನ ಅಳತೆ) ಮಿತಿ ಇದ್ದರೆ, ಸಾರ್ವಜನಿಕರಿಗೆ 1 ಮಾತ್ರ. ತರಬೇತಿ ಇಲ್ಲದ ಮಾವಶಿಯನ್ನು ನಾವು ಸಾರ್ವಜನಿಕರಂತೆಯೇ ಕಾಯಬೇಕು. ತಿಳಿದವರು ನಾವು, ತಿಳಿಯದವರು ಅವರು. ಈ ಕೆಲಸದಲ್ಲಿ ನನಗೆ ಅತಿ ಮುಖ್ಯ ಅನಿಸುವುದು ಇದೇ.

ಮೊದಲು ಒಂದು ಖಾತ್ರಿ ಮಾಡಿಕೋ. ಇಂಜೆಕ್ಷನ್ ಆದ ರೋಗಿ ಗೋಡೆಯ ಆಚೆ ಕೂತಿದ್ದರೂ ಮಾನಿಟರ್ ಕೂಗುತ್ತದೆ. ಯಾರೂ ಇಲ್ಲದಾಗ ಮತ್ತೆ ಅಳೆ. ಪ್ರೋಬ್ ನೆಲಕ್ಕೆ ತಾಗಬಾರದು, ಒಂದು ಸೆಂಟಿಮೀಟರ್ ಮೇಲೆ ನಿಧಾನ ಸರಿಸು. ಅವಸರ ಮಾಡಿದರೆ ಸಣ್ಣ ಹನಿ ತಪ್ಪಿಹೋಗುತ್ತದೆ. ಸರ್ವೆ ಮೀಟರ್ ಕೋಣೆಯ ಡೋಸ್ ರೇಟ್ ಹೇಳುತ್ತದೆ. ನೆಲದ ಮೇಲಿನ ಹನಿ ಹುಡುಕಲು ಅದು ಸಾಲದು, ಅದಕ್ಕೇ ನಿನಗೆ ಅದರಲ್ಲಿ ಕಾಣಲಿಲ್ಲ.

ಆಮೇಲೆ ವೈಪ್ ಟೆಸ್ಟ್. ಗ್ಲೌಸ್ ಹಾಕಿ ಫಿಲ್ಟರ್ ಪೇಪರ್‌ನಿಂದ ಸುಮಾರು 100 ಚದರ ಸೆಂಟಿಮೀಟರ್ ಜಾಗ ಒರೆಸು. ಆ ಪೇಪರನ್ನು ಹಾಟ್ ಲ್ಯಾಬ್‌ನಿಂದ ದೂರ ಒಯ್ದು ಎಣಿಸು. ಕೌಂಟ್ ಬಂದರೆ ಅದು ಎದ್ದು ಬರುವ ಕೊಳೆ, ಹರಡುತ್ತದೆ. ಈಗಲೇ ಆರ್‌ಎಸ್‌ಓಗೆ (ವಿಕಿರಣ ಸುರಕ್ಷತಾ ಅಧಿಕಾರಿಗೆ) ಫೋನ್ ಮಾಡು, ಸೀನಿಯರ್ ಬೇಸರ ಮಾಡಿಕೊಂಡರೂ ಪರವಾಗಿಲ್ಲ. ಒರೆಸುವಾಗ ಹೊರಗಿನಿಂದ ಒಳಕ್ಕೆ ಬಾ. ಟಿಶ್ಯೂ, ಗ್ಲೌಸ್ ಎಲ್ಲ ಹಳದಿ ಚೀಲಕ್ಕಲ್ಲ, ತಾರೀಖು ಬರೆದು ಸೀಸದ ಡಬ್ಬಿಗೆ.

ಹೊರಡುವ ಮುಂಚೆ ನಿನ್ನ ಕೈ, ಕೋಟಿನ ತೋಳು, ಬೂಟಿನ ತಳ ನೋಡಿಕೋ. ಕೈಗೆ ತಾಗಿದ್ದರೆ ಉಗುರುಬೆಚ್ಚಗಿನ ನೀರು, ಸಾಬೂನು ಸಾಕು. ಬ್ರಷ್‌ನಿಂದ ಉಜ್ಜಬೇಡ. ಚರ್ಮ ಕಿತ್ತರೆ ಒಳಗೆ ಹೋಗುತ್ತದೆ.

ಬಾಗಲಕೋಟೆ ವೆಲ್ಡ್ ಫಿಲ್ಮ್:
ನಮ್ಮದು ಬಾಯ್ಲರ್ ವೆಲ್ಡಿಂಗ್ ರೇಡಿಯೋಗ್ರಫಿ, ವಿಕಿರಣ ಹಾಯಿಸಿ ವೆಲ್ಡ್‌ನ ಫಿಲ್ಮ್ ತೆಗೆಯುವ ಕೆಲಸ, ಸೋರ್ಸ್ ಇರಿಡಿಯಂ-192. ಅದು ಸೀಲ್ ಆಗಿರುತ್ತದೆ, ಚೆಲ್ಲುವುದಿಲ್ಲ. ಆದರೂ ಪ್ರತಿ ಎಕ್ಸ್‌ಪೋಶರ್ ಆದಮೇಲೆ ಸರ್ವೆ ಮೀಟರ್ ಕೈಯಲ್ಲಿ ಹಿಡಿದೇ ಕ್ಯಾಮೆರಾ (ಸೋರ್ಸ್ ಇಡುವ ಪೆಟ್ಟಿಗೆ) ಹತ್ತಿರ ಹೋಗುತ್ತೇವೆ. ಸೋರ್ಸ್ ಎಳೆದುಕೊಳ್ಳುವ ಹ್ಯಾಂಡಲ್ ಪೂರ್ತಿ ತಿರುಗಿತು ಅಂದರೆ ಸೋರ್ಸ್ ಒಳಗೆ ಬಂತು ಅಂತ ಅಲ್ಲ. ಮೀಟರ್ ಹೇಳಿದರೆ ಮಾತ್ರ ಬಂತು. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ವಿಕಿರಣಶೀಲ ಕೋಬಾಲ್ಟ್-60 ಇದ್ದ ಹಳೆ ಯಂತ್ರ ಗುಜರಿಗೆ ಹೋಗಿ ಒಬ್ಬರು ತೀರಿಕೊಂಡರು. ಬಿಚ್ಚಿದ ಕೆಲಸಗಾರರಿಗೆ ಅದೇನೆಂದೇ ಗೊತ್ತಿರಲಿಲ್ಲ. ಅಕ್ಕ ಹೇಳಿದ ಮಾವಶಿ ಮಾತು ಅದಕ್ಕೇ ನನಗೆ ತಾಗಿತು.

ಬೆಳಗಾವಿ ಹುಡುಗ:
ಅಕ್ಕಾ, ಆರ್‌ಎಸ್‌ಓ ಸರ್ ಬಂದಿದ್ದರು. ವೈಪ್‌ನಲ್ಲಿ ಕೌಂಟ್ ಬಂತು. ಒರೆಸಿದ ಮೇಲೆ ನೆಲ 120ಕ್ಕೆ ಇಳಿದು ಅಲ್ಲೇ ನಿಂತಿದೆ. ಪ್ಲಾಸ್ಟಿಕ್ ಹಾಸಿ ಟೇಪ್ ಹಚ್ಚಿ ಬಾಗಿಲಿಗೆ ಬೀಗ ಹಾಕಿದೆವು. ನನ್ನ ಎಡಗಾಲ ಬೂಟಿನ ತಳದಲ್ಲಿ 300 ಇದೆ.

ಗೋಕಾಕದ ಅಕ್ಕ:
ಬೂಟು ಚೀಲದಲ್ಲಿ ಹಾಕಿ, ತಾರೀಖು ಬರೆದು ಅಲ್ಲೇ ಬಿಡು. ಚಪ್ಪಲಿಯಲ್ಲಿ ಮನೆಗೆ ಹೋಗು. ನಿನ್ನ ಡೋಸ್ ಅಳೆಯುವ ಟಿಎಲ್‌ಡಿ ಬ್ಯಾಡ್ಜ್ ಕೂಡ ಅದರ ಜಾಗದಲ್ಲೇ ಇರಲಿ. ಬಾಗಿಲಿಗೆ ಕನ್ನಡ, ಮರಾಠಿ ಎರಡರಲ್ಲೂ ಚೀಟಿ ಅಂಟಿಸು. ಮಾವಶಿಗೆ ಓದಲು ಬರದಿದ್ದರೆ ಬಾಯಿಂದಲೇ ಹೇಳಿ ಬಿಡು.

ರಿಜಿಸ್ಟರ್‌ನಲ್ಲಿ 900 ಅಂತಲೇ ಬರಿ, ಬ್ಯಾಕ್‌ಗ್ರೌಂಡ್, ಒರೆಸಿದ ಮೇಲಿನ 120, ಯಾವ ಮಾನಿಟರ್, ಎಷ್ಟು ಹೊತ್ತಿಗೆ, ಎಲ್ಲವೂ ಬೇಕು. ಬೆಳಗ್ಗೆ ಅದೇ ಮಾನಿಟರ್‌ನಿಂದ ಕೆಲವು ನಿಮಿಷ ಎಣಿಸು. ಬ್ಯಾಕ್‌ಗ್ರೌಂಡ್ ಕಳೆದು ಈಗ 70 ಇದೆ, 20ರ ಹತ್ತಿರಕ್ಕೆ ಇಳಿಯಬೇಕು. 70ರಲ್ಲೇ ನಿಂತಿದ್ದರೆ ಅದು ಟೆಕ್ನೀಷಿಯಂ ಅಲ್ಲ. ನಿಮ್ಮಲ್ಲಿ ಅಯೋಡಿನ್-131 ಕೊಡುತ್ತಾರಾ? ಅದು ಅರ್ಧ ಆಗಲು ಎಂಟು ದಿನ ಬೇಕು. ಹಾಗಿದ್ದರೆ ಬೀಗ ತೆಗೆಯದೆ ಮತ್ತೆ ಆರ್‌ಎಸ್‌ಓ ಅವರನ್ನು ಕರೆ.